ಲೆಕ್ಕಕ್ಕೆ ಬಂದ ಹೆಜ್ಜೆಗಳು: ಮೈಚಲನೆಯ ಅಳತೆ, ಹೃದಯ ಮತ್ತು ಸಕ್ಕರೆ ಕಾಯಿಲೆ

ದೈಹಿಕ ಶ್ರಮಕ್ಕೂ ಹೃದಯಾಘಾತಕ್ಕೂ ಇರುವ ನಂಟನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ತೋರಿಸಿದ ಮೊದಲ ದೊಡ್ಡ ಅಧ್ಯಯನ ನಡೆದದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1949 ಮತ್ತು 1950ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆಯ ಸುಮಾರು 31,000 ಗಂಡಸು ನೌಕರರ ಕಾಯಿಲೆ ಮತ್ತು ಸಾವಿನ ದಾಖಲೆ ಇಟ್ಟು, 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಡ್ರೈವರ್ ಪಾಳಿಯುದ್ದಕ್ಕೂ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟು ಕೊಡುತ್ತ ಎರಡಂತಸ್ತಿನ ಬಸ್ಸಿನ ಮೆಟ್ಟಿಲನ್ನು ದಿನವಿಡೀ ಹತ್ತಿ ಇಳಿಯುತ್ತಿದ್ದ. ಕಂಡಕ್ಟರುಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಅಷ್ಟು ಮಾರಕವಾಗಿರುತ್ತಿರಲಿಲ್ಲ. ಒಂದೇ ಸಂಸ್ಥೆ, ಹತ್ತಿರಹತ್ತಿರದ ಸಂಬಳ, ಒಂದೇ ನಗರ. ದೊಡ್ಡ ವ್ಯತ್ಯಾಸ ಕಾಲುಗಳು ಮಾಡುತ್ತಿದ್ದ ಕೆಲಸದ್ದು.

1956ರಲ್ಲಿ ಮಾರಿಸ್ ಅವರೇ ಇನ್ನೊಂದು ಸಂಗತಿಯನ್ನು ಮುಂದಿಟ್ಟರು. ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಎಳೆಯ ವಯಸ್ಸಿನವರಲ್ಲೂ ಡ್ರೈವರುಗಳ ಸೊಂಟ ಕಂಡಕ್ಟರುಗಳದಕ್ಕಿಂತ ದಪ್ಪವಾಗಿತ್ತು. ಅಂದರೆ ಕೂತು ಮಾಡುವ ಕೆಲಸ ಅವರನ್ನು ದಪ್ಪಗಾಗಿಸಿತೋ, ದಪ್ಪ ಮೈಯವರೇ ಕೂರುವ ಕೆಲಸ ಆರಿಸಿಕೊಂಡರೋ? ಹುದ್ದೆಯ ಹೆಸರೊಂದನ್ನೇ ನೆಚ್ಚಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಯಾರು ಎಷ್ಟು ಅಲುಗಾಡುತ್ತಾರೆ ಎಂಬುದನ್ನು ಒಬ್ಬೊಬ್ಬರಲ್ಲೂ ಅಳೆಯಬೇಕಾಗುತ್ತದೆ.

ನಂತರದ ಐವತ್ತು ವರ್ಷ ಆ ಅಳತೆ ಬಹುಮಟ್ಟಿಗೆ ಪ್ರಶ್ನಾವಳಿಯ ಮೇಲೆ ನಿಂತಿತು. ಕಳೆದ ವಾರ ಎಷ್ಟು ಹೊತ್ತು ನಡೆದಿರಿ, ಏದುಸಿರು ಬರುವಂಥ ಕೆಲಸ ಎಷ್ಟು ದಿನ ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುವ ಕ್ರಮ ಇದು. ದೊಡ್ಡ ದೊಡ್ಡ ಅಧ್ಯಯನಗಳು ಹೀಗೆಯೇ ನಡೆದವು, ವಾರಕ್ಕೆ 150 ನಿಮಿಷ ಎಂಬ ಶಿಫಾರಸು ಕೂಡ ಮುಖ್ಯವಾಗಿ ಇಂಥ ಉತ್ತರಗಳಿಂದ ಮೂಡಿತು. ಆದರೆ ಜ್ಞಾಪಕ ನಿಷ್ಪಕ್ಷಪಾತಿಯಲ್ಲ. ಬೆಳಗಿನ ವಾಕಿಂಗ್, ಸಂಜೆಯ ಬ್ಯಾಡ್ಮಿಂಟನ್ ನೆನಪಿರುತ್ತವೆ. ಬಸ್ಸು ಹಿಡಿಯಲು ಓಡಿದ್ದು, ನೀರಿನ ಕೊಡ ಹೊತ್ತು ಮಹಡಿ ಹತ್ತಿದ್ದು, ಅಂಗಡಿಗೆ ಮೂರು ಸಲ ಹೋಗಿ ಬಂದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ವ್ಯಾಯಾಮ ಒಳ್ಳೆಯದೆಂದು ಎಲ್ಲರಿಗೂ ಗೊತ್ತಿರುವುದರಿಂದ ಉತ್ತರದಲ್ಲಿ ನಿಮಿಷಗಳು ಹಿಗ್ಗುತ್ತವೆ ಕೂಡ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯಲ್ಲಿ 2003–04ರಲ್ಲಿ ಸಾವಿರಾರು ಜನರ ಸೊಂಟಕ್ಕೆ ಚಲನಮಾಪಕ ಕಟ್ಟಿದಾಗ ಇದು ಬಯಲಾಯಿತು. ಕೇಳಿದರೆ ಅರ್ಧದಷ್ಟು ವಯಸ್ಕರು ಶಿಫಾರಸಿನಷ್ಟು ಚಟುವಟಿಕೆ ಮಾಡುತ್ತೇವೆ ಎನ್ನುತ್ತಿದ್ದರು. ಮಾಪಕದ ಪ್ರಕಾರ ಅಷ್ಟು ಮಾಡುತ್ತಿದ್ದವರು ನೂರಕ್ಕೆ ಐದಕ್ಕಿಂತ ಕಡಿಮೆ. ಇದರಲ್ಲಿ ಉತ್ಪ್ರೇಕ್ಷೆಯ ಪಾಲು ಸಾಕಷ್ಟಿದೆ. ಜೊತೆಗೆ, ಒಂದೇ ಸಮ ಹತ್ತು ನಿಮಿಷ ನಡೆದ ಚಟುವಟಿಕೆಯನ್ನು ಮಾತ್ರ ಎಣಿಸಬೇಕೆಂಬ ಅಂದಿನ ನಿಯಮವೂ ಕಾರಣ. ತುಂಡುತುಂಡಾಗಿ ನಡೆಯುವ ಚಲನೆಯನ್ನು ಆ ನಿಯಮ ಸೊನ್ನೆಯಾಗಿಸುತ್ತಿತ್ತು. ಆಮೇಲಿನ ಸಂಶೋಧನೆಯ ದೊಡ್ಡ ಪಾಲು ಈ ಸೊನ್ನೆಯನ್ನು ತಿದ್ದುವ ಕೆಲಸವೇ ಆಯಿತು.

ಮಾಪಕಗಳ ಚರಿತ್ರೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವೊಂದನ್ನು ‘ಹತ್ತು ಸಾವಿರ ಹೆಜ್ಜೆ’ ಎಂಬ ಅರ್ಥದ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಇಂದು ಎಷ್ಟೋ ಫೋನುಗಳಲ್ಲಿ ಗುರಿಯಾಗಿ ಕಾಣುವ 10,000 ಎಂಬ ಸಂಖ್ಯೆ ಹರಡಿದ್ದು ಆ ಹೆಸರಿನಿಂದ. ಅದರ ಹಿಂದೆ ಹೃದ್ರೋಗದ ಅಧ್ಯಯನ ಯಾವುದೂ ಇರಲಿಲ್ಲ.

ಈಗಿನ ಕೈಪಟ್ಟಿ ಮತ್ತು ಸ್ಮಾರ್ಟ್‌ವಾಚುಗಳ ಒಳಗಿರುವುದು ಆಕ್ಸೆಲೆರೋಮೀಟರ್ ಎಂಬ ಚಿಪ್. ಅದರೊಳಗೆ ಸಿಲಿಕಾನಿನ ಅತಿ ಸಣ್ಣ ತುಣುಕೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ತೂಗುತ್ತಿರುತ್ತದೆ. ಬಸ್ಸು ಗಕ್ಕನೆ ಬ್ರೇಕು ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವಂತೆ, ಕೈ ಬೀಸಿದಾಗ ಈ ತುಣುಕು ತುಸು ಸರಿಯುತ್ತದೆ. ಸರಿದಷ್ಟಕ್ಕೆ ತಕ್ಕಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ. ಮೂರು ದಿಕ್ಕಿನಲ್ಲೂ ಹೀಗೆ ಅಳೆದು, ಸೆಕೆಂಡಿಗೆ ಹತ್ತಾರು ಬಾರಿ ದಾಖಲಿಸಿದರೆ ದಿನವಿಡೀ ಮೈ ಹೇಗೆ ಚಲಿಸಿತೆಂಬ ಚಿತ್ರ ಸಿಗುತ್ತದೆ. ಈ ಚಿಪ್ ಹೆಜ್ಜೆಗಳನ್ನು ನೇರವಾಗಿ ಎಣಿಸುವುದಿಲ್ಲ. ಸಂಕೇತದ ಲಯವನ್ನು ನೋಡಿ ಇದು ನಡಿಗೆ, ಇದು ಓಟ, ಇದು ನಿದ್ದೆ ಎಂದು ಸಾಫ್ಟ್‌ವೇರ್ ಊಹಿಸುತ್ತದೆ. ಆ ಊಹೆಯನ್ನು ತಿದ್ದಲು ಆಕ್ಸ್‌ಫರ್ಡ್‌ನಲ್ಲಿ 151 ಜನರಿಗೆ ಮಾಪಕದ ಜೊತೆ ಕ್ಯಾಮೆರಾವನ್ನೂ ತೊಡಿಸಿ, ಚಿತ್ರದಲ್ಲಿ ಕಂಡ ಕೆಲಸಕ್ಕೂ ಸಂಕೇತಕ್ಕೂ ತಾಳೆ ನೋಡಲಾಯಿತು. ಗಡಿಯಾರದ ಹಿಂಬದಿಯ ಹಸಿರು ದೀಪದ ಕೆಲಸ ಬೇರೆ. ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತದ ಪ್ರಮಾಣ ಏರಿಳಿಯುತ್ತದೆ, ಹಿಂತಿರುಗುವ ಬೆಳಕೂ ಅದರೊಂದಿಗೆ ಏರಿಳಿಯುತ್ತದೆ. ಅದರಿಂದ ನಾಡಿಬಡಿತ ತಿಳಿಯುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಜೋರಾಗಿ ಅಲುಗಿದರೆ, ಹಚ್ಚೆಯಿದ್ದರೆ ಈ ಸಂಕೇತ ಕೆಡುತ್ತದೆ.

ಮಾಪಕದಿಂದ ನಡೆದ ಅಧ್ಯಯನಗಳಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದೆ. 2006ರಿಂದ 2010ರವರೆಗೆ 40ರಿಂದ 69 ವಯಸ್ಸಿನ ಐದು ಲಕ್ಷ ಜನರನ್ನು ಸೇರಿಸಿಕೊಂಡ ಈ ಯೋಜನೆ, 2013ರಿಂದ 2015ರ ನಡುವೆ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅಂಚೆಯಲ್ಲಿ ಕೈಪಟ್ಟಿ ಕಳಿಸಿ, ಏಳು ದಿನ ಹಗಲು ರಾತ್ರಿ ತೊಡಲು ಹೇಳಿತು. ಆ ಪಟ್ಟಿಯಲ್ಲಿ ಪರದೆಯಿರಲಿಲ್ಲ, ಹೆಜ್ಜೆಯ ಎಣಿಕೆ ಕಾಣುತ್ತಿರಲಿಲ್ಲ. ಅಂಕಿ ನೋಡಿ ಹುರುಪಿನಿಂದ ಹೆಚ್ಚು ನಡೆಯುವ ಅವಕಾಶ ಇಲ್ಲದ್ದರಿಂದ ಜನರ ವಾಡಿಕೆಯ ವಾರ ಹೆಚ್ಚು ಕಡಿಮೆ ಇದ್ದ ಹಾಗೇ ದಾಖಲಾಯಿತು. ಆಮೇಲೆ ಆಸ್ಪತ್ರೆ ಮತ್ತು ಮರಣದ ದಾಖಲೆಗಳ ಜೊತೆ ಇದನ್ನು ಜೋಡಿಸಲಾಯಿತು. 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೊದಲು ಹೃದ್ರೋಗವಿಲ್ಲದ 90,211 ಜನರನ್ನು ಚಟುವಟಿಕೆಗೆ ತಕ್ಕಂತೆ ನಾಲ್ಕು ಪಾಲು ಮಾಡಿದಾಗ, ಅತಿ ಹೆಚ್ಚು ಚಲಿಸುವ ಪಾಲಿನವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಅತಿ ಕಡಿಮೆ ಚಲಿಸುವವರ ಸುಮಾರು ಅರ್ಧದಷ್ಟಿತ್ತು. ಪ್ರಶ್ನಾವಳಿಗಳು ತೋರಿಸಿದ್ದಕ್ಕಿಂತ ಈ ನಂಟು ಗಾಢವಾಗಿತ್ತು. ಅಳತೆಯಲ್ಲಿ ತಪ್ಪು ಹೆಚ್ಚಿದ್ದಾಗ ನಿಜವಾದ ಸಂಬಂಧ ಮಸುಕಾಗಿ ಕಾಣುತ್ತದೆ, ತಪ್ಪು ಕಡಿಮೆಯಾದಾಗ ಅದರ ಪೂರ್ಣ ಆಕಾರ ತೋರುತ್ತದೆ. ಇಷ್ಟರ ಮೇಲೆ ಚಟುವಟಿಕೆ ವ್ಯರ್ಥ ಎನ್ನಬಹುದಾದ ಮೇಲ್ಮಿತಿಯೂ ಆ ದತ್ತಾಂಶದಲ್ಲಿ ಕಾಣಲಿಲ್ಲ.

ಹೆಜ್ಜೆಗಳ ವಿಷಯಕ್ಕೆ ಬಂದರೆ, ಹತ್ತು ಸಾವಿರದ ಪರೀಕ್ಷೆಯನ್ನು ನೇರವಾಗಿ ಮಾಡಿದವರು ಹಾರ್ವರ್ಡ್‌ನ ಐ-ಮಿನ್ ಲೀ. ಅಮೆರಿಕದ 16,741 ಹಿರಿಯ ಮಹಿಳೆಯರು, ಸರಾಸರಿ ವಯಸ್ಸು 72, ಸೊಂಟಕ್ಕೆ ಮಾಪಕ ಕಟ್ಟಿಕೊಂಡರು. 2019ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು. ಲಾಭ 7,500ರ ಹೊತ್ತಿಗೆ ಸಮತಟ್ಟಾಯಿತು. ಒಟ್ಟು ಹೆಜ್ಜೆಯನ್ನು ಗಣನೆಗೆ ತೆಗೆದುಕೊಂಡ ಮೇಲೆ ಎಷ್ಟು ಬಿರುಸಾಗಿ ನಡೆದರು ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಮಹತ್ವ ಉಳಿಯಲಿಲ್ಲ. 2022ರಲ್ಲಿ ಹದಿನೈದು ಅಧ್ಯಯನಗಳ 47,471 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು: ಅರವತ್ತು ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಕಿರಿಯರಿಗೆ 8,000ದಿಂದ 10,000 ಹೆಜ್ಜೆಯವರೆಗೆ ಸಾವಿನ ಅಪಾಯ ಇಳಿಯುತ್ತ ಹೋಗುತ್ತದೆ, ಆಮೇಲೆ ಹೆಚ್ಚು ಇಳಿಯುವುದಿಲ್ಲ. ಈ ಗೆರೆಯ ಅತ್ಯಂತ ಕಡಿದಾದ ಇಳಿಜಾರು ಇರುವುದು ಆರಂಭದಲ್ಲಿ. ಮಂಡಿನೋವಿನ ಅಜ್ಜಿಯೊಬ್ಬರು ಎರಡು ಸಾವಿರದಿಂದ ನಾಲ್ಕು ಸಾವಿರಕ್ಕೆ ಏರಿದರೆ ಅದು ಆಟಗಾರನೊಬ್ಬ ಹತ್ತರಿಂದ ಹನ್ನೆರಡು ಸಾವಿರಕ್ಕೆ ಏರುವುದಕ್ಕಿಂತ ಬಹಳ ದೊಡ್ಡ ಗಳಿಕೆ. ವೈದ್ಯರ ಕೋಣೆಯಲ್ಲಿ ಹೇಳಬೇಕಾದ ಮಾತು ಇದು. ಹತ್ತು ಸಾವಿರ ಎಂಬ ಗುರಿಯನ್ನು ಕೇಳಿಯೇ ಕೈಚೆಲ್ಲಿದವರು ಎಷ್ಟೋ ಮಂದಿ.

ಇನ್ನೂ ಅನಿರೀಕ್ಷಿತವಾದ ಫಲಿತಾಂಶ ಬಂದದ್ದು ವ್ಯಾಯಾಮವನ್ನೇ ಮಾಡದವರಿಂದ. ಸಿಡ್ನಿಯ ಇಮ್ಯಾನುಯೆಲ್ ಸ್ಟಮಟಾಕಿಸ್ ತಂಡ ಬಯೋಬ್ಯಾಂಕಿನಲ್ಲಿ ‘ಬಿಡುವಿನ ವೇಳೆಯಲ್ಲಿ ಯಾವ ವ್ಯಾಯಾಮವನ್ನೂ ಮಾಡುವುದಿಲ್ಲ’ ಎಂದಿದ್ದ 25,241 ಜನರ ಕೈಪಟ್ಟಿಯ ದಾಖಲೆಯನ್ನು ನೋಡಿತು. ಅವರಲ್ಲಿ ಬಹುಪಾಲು ಜನರ ದಿನದಲ್ಲಿ ಒಂದೆರಡು ನಿಮಿಷದ ಬಿರುಸಿನ ತುಣುಕುಗಳಿದ್ದವು: ಮೆಟ್ಟಿಲು ಹತ್ತಿದ್ದು, ಭಾರದ ಚೀಲ ಹೊತ್ತದ್ದು, ಏರಿನಲ್ಲಿ ದಡದಡ ನಡೆದದ್ದು. ಇಂಥ ತುಣುಕು ದಿನಕ್ಕೆ ಮೂರು ಇದ್ದವರಲ್ಲಿ, ಒಂದೂ ಇಲ್ಲದವರಿಗಿಂತ ಹೃದ್ರೋಗದ ಸಾವು ಸುಮಾರು ಅರ್ಧದಷ್ಟು ಕಡಿಮೆಯಿತ್ತು. ಪ್ರಶ್ನಾವಳಿಯಲ್ಲಿ ಇವರೆಲ್ಲರೂ ‘ನಿಷ್ಕ್ರಿಯರು’ ಎಂಬ ಒಂದೇ ಕಟ್ಟಿನಲ್ಲಿದ್ದವರು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹತ್ತು ನಿಮಿಷದ ಕಟ್ಟಳೆಯನ್ನು ಆಗಲೇ ಕೈಬಿಟ್ಟಿತ್ತು. ಅದು ಸರಿ ಎಂಬುದಕ್ಕೆ ಇದು ಬಲವಾದ ಪುರಾವೆ. 2023ರ ಮತ್ತೊಂದು ವಿಶ್ಲೇಷಣೆ ವಾರದ ಚಟುವಟಿಕೆಯ ಅರ್ಧಕ್ಕಿಂತ ಹೆಚ್ಚನ್ನು ಒಂದೆರಡು ದಿನಗಳಲ್ಲೇ ಮುಗಿಸುವವರನ್ನು ನೋಡಿತು. ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯು, ಹೃದಯ ಬಡಿತದ ಲಯ ತಪ್ಪುವುದು ಎಲ್ಲದರಲ್ಲೂ ಅವರಿಗೆ ಸಿಕ್ಕ ರಕ್ಷಣೆ ದಿನವೂ ಹಂಚಿಕೊಂಡು ಮಾಡುವವರಿಗೆ ಸಿಕ್ಕಷ್ಟೇ ಇತ್ತು. ವಾರವೆಲ್ಲ ಕಚೇರಿಯಲ್ಲಿ ಸಿಕ್ಕಿಕೊಂಡವರ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ.

ಚಲನೆ ಒಳಗೆ ಏನು ಮಾಡುತ್ತದೆ ಎಂಬುದು ಗೊತ್ತಿರುವುದರಿಂದಲೇ ಈ ಅಂಕಿಗಳು ನಂಬಲು ಯೋಗ್ಯ. ಊಟದ ನಂತರ ರಕ್ತಕ್ಕೆ ಬಂದ ಗ್ಲೂಕೋಸಿನ ದೊಡ್ಡ ಪಾಲನ್ನು ಇನ್ಸುಲಿನ್ ಆಜ್ಞೆಯ ಮೇರೆಗೆ ಹೀರಿಕೊಳ್ಳುವುದು ಸ್ನಾಯುಗಳು. ಸ್ನಾಯುಕೋಶದೊಳಗೆ ಅಡಗಿರುವ ಗ್ಲುಟ್-4 ಎಂಬ ಸಾಗಣೆ ಪ್ರೋಟೀನು ಕೋಶದ ಹೊರಪೊರೆಗೆ ಬಂದಾಗ ಗ್ಲೂಕೋಸಿಗೆ ಬಾಗಿಲು ತೆರೆಯುತ್ತದೆ. ಸಕ್ಕರೆ ಕಾಯಿಲೆಯ ಹಾದಿಯಲ್ಲಿರುವವರ ಸ್ನಾಯು ಇನ್ಸುಲಿನ್ನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ನಿನ ಹಂಗಿಲ್ಲದೆ, ಬೇರೊಂದು ದಾರಿಯಿಂದ ಅದೇ ಗ್ಲುಟ್-4 ಮೇಲಕ್ಕೆ ಬರುತ್ತದೆ. ಇನ್ಸುಲಿನ್ ಸೋತಲ್ಲೂ ನಡಿಗೆ ಗೆಲ್ಲುವುದು ಹೀಗೆ. ಮೆಲ್ಬರ್ನ್‌ನ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ಹತ್ತೊಂಬತ್ತು ಮಂದಿ ದಪ್ಪ ಮೈಯವರನ್ನು ಗಂಟೆಗಟ್ಟಲೆ ಕೂರಿಸಿ, ಇನ್ನೊಂದು ದಿನ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ನಡೆಸಿ ನೋಡಿತು. ಮೆಲ್ಲಗೆ ನಡೆದರೂ ಆಹಾರದ ನಂತರದ ಗ್ಲೂಕೋಸ್ ಏರಿಕೆ ಸುಮಾರು ಕಾಲು ಭಾಗ ತಗ್ಗಿತು. ರಕ್ತನಾಳಗಳ ಕಡೆ ನೋಡಿದರೆ, ನಡೆಯುವಾಗ ರಕ್ತದ ಹರಿವು ಹೆಚ್ಚಿ ನಾಳದ ಒಳಪೊರೆಯನ್ನು ಉಜ್ಜುತ್ತದೆ. ಆಗ ಆ ಪೊರೆ ನೈಟ್ರಿಕ್ ಆಕ್ಸೈಡನ್ನು ಬಿಡುತ್ತದೆ, ನಾಳ ಸಡಿಲಗೊಳ್ಳುತ್ತದೆ, ತಿಂಗಳುಗಳು ಕಳೆದಂತೆ ಬಿ.ಪಿ. ಇಳಿಯುತ್ತದೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಒಡೆಯುವ ಕಿಣ್ವ ಸ್ನಾಯುಗಳಲ್ಲಿ ಚುರುಕಾಗುತ್ತದೆ, ಹೊಟ್ಟೆಯೊಳಗಿನ ಬೊಜ್ಜು ಕರಗುತ್ತದೆ. ತೊಡೆಗೆ ಮಾಪಕ ಕಟ್ಟಿದ ಐದು ದೇಶಗಳ 15,246 ಜನರ ಮಾಹಿತಿಯೂ 2023ರಲ್ಲಿ ಇದನ್ನೇ ಹೇಳಿತು. ಕೂರುವ ಸಮಯದ ಕೆಲವೇ ನಿಮಿಷಗಳನ್ನು ಬಿರುಸಿನ ಚಲನೆಗೆ ಕೊಟ್ಟವರಲ್ಲಿ ಸೊಂಟದ ಸುತ್ತಳತೆ, ಕೊಲೆಸ್ಟರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ ಎಲ್ಲವೂ ಮೇಲಾಗಿದ್ದವು.

ಆಸ್ಪತ್ರೆಯ ದಾಖಲೆಗೂ ಸ್ವಂತ ಗಡಿಯಾರಕ್ಕೂ ಗಂಟು ಹಾಕಿದ ಅಧ್ಯಯನವೂ ಬಂದಿದೆ. ಅಮೆರಿಕದ ‘ಆಲ್ ಆಫ್ ಅಸ್’ ಯೋಜನೆಯಲ್ಲಿ ಸುಮಾರು ಆರು ಸಾವಿರ ಜನ ವರ್ಷಗಟ್ಟಲೆ ತೊಟ್ಟಿದ್ದ ಫಿಟ್‌ಬಿಟ್‌ಗಳ ಲೆಕ್ಕವನ್ನು 2022ರಲ್ಲಿ ವಿಶ್ಲೇಷಿಸಿದಾಗ, ಹೆಚ್ಚು ಹೆಜ್ಜೆ ನಡೆಯುವವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಹೊಸದಾಗಿ ಬರುವ ಸಾಧ್ಯತೆ ಕಡಿಮೆಯಿತ್ತು. ಒಂದು ವಾರದ ತುಣುಕಿಗಿಂತ ವರ್ಷಗಳ ದಾಖಲೆ ಎಷ್ಟೋ ಮೇಲು. ಆದರೆ ಅದು ದುಡ್ಡು ಕೊಟ್ಟು ಗಡಿಯಾರ ಕೊಂಡವರ ದಾಖಲೆ.

ಇಷ್ಟೆಲ್ಲ ಹೇಳಿದ ಮೇಲೆ ಮಾರಿಸ್ ಅವರ ಸೊಂಟದ ಪ್ರಶ್ನೆಯನ್ನು ಬಿಡುವಂತಿಲ್ಲ. ಕಾಯಿಲೆ ಒಳಗೊಳಗೇ ಮೊದಲಾದವರು ಸಹಜವಾಗಿಯೇ ಕಡಿಮೆ ನಡೆಯುತ್ತಾರೆ. ಆಗ ಕಾಯಿಲೆ ಕಾರಣವಾಗಿ, ಕೂರುವುದು ಪರಿಣಾಮವಾಗುತ್ತದೆ. ಸಂಶೋಧಕರು ಮೊದಲ ಒಂದೆರಡು ವರ್ಷಗಳಲ್ಲಿ ಸತ್ತವರನ್ನು ಅಥವಾ ಕಾಯಿಲೆ ಬಿದ್ದವರನ್ನು ಲೆಕ್ಕದಿಂದ ತೆಗೆದು ನೋಡುತ್ತಾರೆ. ನಂಟು ಕೊಂಚ ತೆಳುವಾಗುತ್ತದೆ, ಅಳಿಯುವುದಿಲ್ಲ. ಆದರೂ ‘ಮೂರು ತುಣುಕಿಗೆ ಅರ್ಧ ಅಪಾಯ’ ಎಂಬಂಥ ಅಂಕಿಯನ್ನು ಔಷಧಿಯ ಪ್ರಮಾಣದಂತೆ ಓದುವುದು ತಪ್ಪು. ಅದು ಎರಡು ಗುಂಪುಗಳ ನಡುವಿನ ವ್ಯತ್ಯಾಸ, ಒಬ್ಬ ವ್ಯಕ್ತಿಗೆ ಕೊಟ್ಟ ಭರವಸೆಯಲ್ಲ. ಬಯೋಬ್ಯಾಂಕಿಗೆ ಆಹ್ವಾನ ಹೋದವರಲ್ಲಿ ಸೇರಿದವರು ಶೇ. 5.5 ಮಾತ್ರ. ಅವರು ಬ್ರಿಟನ್ನಿನ ಸಾಮಾನ್ಯ ಜನರಿಗಿಂತ ಆರೋಗ್ಯವಂತರು, ಬಹುತೇಕ ಬಿಳಿಯರು.

ಭಾರತದ ಪ್ರಶ್ನೆ ಏಳುವುದು ಇಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆಯೆಂದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಭಾರತದ ವಯಸ್ಕರ ಸುಮಾರು ಅರ್ಧದಷ್ಟು ಮಂದಿ ಬೇಕಾದಷ್ಟು ಚಟುವಟಿಕೆ ಮಾಡುವುದಿಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ. 57. ಪುಣೆಯ ಚಿತ್ತರಂಜನ್ ಯಾಜ್ಞಿಕ್ ವಿವರಿಸಿದಂತೆ ಭಾರತೀಯರ ಮೈ ತೆಳ್ಳಗೆ ಕಂಡರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ತೂಕ ಅಷ್ಟೇ ಇದ್ದರೂ ಸಕ್ಕರೆ ಕಾಯಿಲೆ ಬೇಗ ಹಿಡಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರಿಗೆ ಮಾಪಕ ಕಟ್ಟಿ ನಡೆಸಿದ ಅಧ್ಯಯನಗಳು, ಬಿಳಿಯರು ವಾರಕ್ಕೆ 150 ನಿಮಿಷದಲ್ಲಿ ಪಡೆಯುವ ಲಾಭಕ್ಕೆ ಇವರಿಗೆ 200 ನಿಮಿಷಕ್ಕೂ ಮಿಕ್ಕು ಬೇಕಾಗಬಹುದು ಎಂದಿವೆ.

ಆದರೆ ಭಾರತದ ನಿಷ್ಕ್ರಿಯತೆಯ ಈ ಅಂದಾಜು ನಿಂತಿರುವುದು ಪ್ರಶ್ನಾವಳಿಯ ಮೇಲೆ. ಹೆಂಗಸರ ಅಂಕಿಯನ್ನು ಓದುವಾಗ ಇದನ್ನು ಮರೆಯಬಾರದು. ಅಂಗಳ ಗುಡಿಸುವುದು, ರುಬ್ಬುವುದು, ಬಟ್ಟೆ ಒಗೆಯುವುದು, ಹುಲ್ಲಿನ ಹೊರೆ ಹೊತ್ತು ತರುವುದು ಚಟುವಟಿಕೆಯ ಬಗ್ಗೆ ಕೇಳಿದಾಗ ಎಲ್ಲರ ಬಾಯಿಗೂ ಬರುವುದಿಲ್ಲ. ಮಾಪಕವೂ ಇದನ್ನೆಲ್ಲ ಸರಿಯಾಗಿ ಹಿಡಿಯುತ್ತದೆ ಎನ್ನಲಾಗದು. ತಲೆಯ ಮೇಲೆ ಕೊಡವಿಟ್ಟು ಎರಡೂ ಕೈಯಲ್ಲಿ ಹಿಡಿದು ನಡೆಯುವವಳ ಮಣಿಕಟ್ಟು ಬೀಸುವುದಿಲ್ಲ, ಹೆಜ್ಜೆ ತಪ್ಪಿಹೋಗುತ್ತದೆ. ಹೊರೆಯ ಭಾರ ಯಾವ ಆಕ್ಸೆಲೆರೋಮೀಟರಿಗೂ ತಿಳಿಯುವುದಿಲ್ಲ. ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಕೆಲಸ ಸಂಕೇತದಲ್ಲಿ ನಿಧಾನದ ಕೈಯಾಟವಾಗಿ ಕಾಣಬಹುದು. ಕೂತಲ್ಲೇ ಬೀಡಿ ಸುತ್ತುವವರ ಚುರುಕು ಬೆರಳು ಮತ್ತು ಕೈ ಇದ್ದುದಕ್ಕಿಂತ ಹೆಚ್ಚಿನ ಚಟುವಟಿಕೆಯಾಗಿ ದಾಖಲಾಗಬಹುದು. ಬ್ರಿಟನ್ನಿನ ದಿನಚರಿಯಿಂದ ಪಳಗಿಸಿದ ಸಾಫ್ಟ್‌ವೇರ್ ಈ ಕೆಲಸಗಳನ್ನು ಗುರುತಿಸಬೇಕಾದರೆ ಇಲ್ಲಿನ ಹೊಲ, ಅಡುಗೆಮನೆ, ಗಾರೆಕೆಲಸದ ಜಾಗಗಳಲ್ಲೇ ಅದನ್ನು ಮತ್ತೆ ಪಳಗಿಸಬೇಕು. ಹದಿನೇಳು ದೇಶಗಳ 1,30,000 ಜನರನ್ನು ಒಳಗೊಂಡ ಪ್ಯೂರ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪಾಲ್ಗೊಂಡಿತ್ತು. 2017ರಲ್ಲಿ ಆ ಅಧ್ಯಯನ ಬಿಡುವಿನ ವ್ಯಾಯಾಮದಂತೆ ದುಡಿಮೆ, ಮನೆಗೆಲಸ, ಓಡಾಟಗಳ ಚಲನೆಯೂ ಹೃದಯವನ್ನು ಕಾಯುತ್ತದೆ ಎಂದು ತೋರಿಸಿತು. ಅದೂ ಪ್ರಶ್ನಾವಳಿಯಿಂದಲೇ ಬಂದ ತಿಳಿವಳಿಕೆ. ಮಾಪಕ ತೊಡಿಸಿ ಇದನ್ನು ಇಲ್ಲಿಯ ಹಳ್ಳಿ ಪಟ್ಟಣಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವುದು ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಕೊನೆಗೆ ಉಪಕರಣವನ್ನು ಚಿಕಿತ್ಸೆಯಾಗಿ ಬಳಸುವ ಮಾತು. 2007ರಲ್ಲಿ ಇಪ್ಪತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೆಜ್ಜೆಮಾಪಕ ಸಿಕ್ಕಿಸಿಕೊಂಡವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದರು, ಅವರ ಮೇಲಿನ ರಕ್ತದೊತ್ತಡ ಸುಮಾರು 4 ಅಂಕ ಇಳಿಯಿತು. ಮುಂದೊಂದು ಗುರಿ ಇಟ್ಟುಕೊಂಡವರಲ್ಲಿ ಫಲ ಚೆನ್ನಾಗಿತ್ತು. ಆದರೆ ತೂಕ ಇಳಿಸಲು ಬಂದ 471 ಯುವಜನರ ಮೇಲೆ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಎರಡು ವರ್ಷದ ಪ್ರಯೋಗದಲ್ಲಿ ಮಾಪಕ ತೊಟ್ಟವರು 3.5 ಕಿಲೊ ಇಳಿದರೆ, ಅದಿಲ್ಲದೆ ಮಾಮೂಲು ಸಲಹೆ ಪಡೆದವರು 5.9 ಕಿಲೊ ಇಳಿದರು. ಪರದೆಯ ಮೇಲೆ ಕಾಣುವ ಕ್ಯಾಲೊರಿ ಲೆಕ್ಕವನ್ನು ನೆಚ್ಚಿ ಊಟದ ಪ್ರಮಾಣ ನಿರ್ಧರಿಸುವುದು ಇನ್ನೂ ಅಪಾಯಕರ. ಸ್ಟ್ಯಾನ್‌ಫರ್ಡ್‌ನಲ್ಲಿ 2017ರಲ್ಲಿ ಪರೀಕ್ಷಿಸಿದ ಏಳು ಉಪಕರಣಗಳಲ್ಲಿ ಆರು ನಾಡಿಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಅಳೆದವು. ಖರ್ಚಾದ ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದರ ತಪ್ಪೇ ಶೇ. 27. ಆದ್ದರಿಂದ ರೋಗಿ ಗಡಿಯಾರ ತೊಟ್ಟು ಬಂದಾಗ ವೈದ್ಯರಿಗೆ ಉಪಯೋಗಕ್ಕೆ ಬರುವುದು ಎರಡು ಅಂಕಿ: ವಾರದ ಸರಾಸರಿ ಹೆಜ್ಜೆ, ಮತ್ತು ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ. ಒಂದೇ ಗಡಿಯಾರದಲ್ಲಿ, ಒಬ್ಬರದೇ ಕೈಯಲ್ಲಿ, ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿದಾಗ ಇವು ವಿಶ್ವಾಸಾರ್ಹ. ನೆರೆಯವರ ಗಡಿಯಾರದ ಅಂಕಿಯೊಂದಿಗೆ ಹೋಲಿಸಿದರೆ ಆ ವಿಶ್ವಾಸ ಉಳಿಯುವುದಿಲ್ಲ. ಸರಾಸರಿ ಹೆಜ್ಜೆ ಕಾರಣವಿಲ್ಲದೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಸೋಮಾರಿತನವೆಂದು ಗದರುವ ಮುನ್ನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ, ಸಂಜೆಯ ಹೊತ್ತಿಗೆ ಕಾಲು ಊದುತ್ತದೆಯೇ ಎಂದು ಕೇಳಬೇಕು, ಇ.ಸಿ.ಜಿ. ಮತ್ತು ಎಕೋ ಮಾಡಿಸಿ ನೋಡಬೇಕು.